ತಂಡದ ನಟಿ: ಪೆಗ್ಗಿ ಆಶ್‌ಕ್ರಾಫ್ಟ್ ನಮಗೇಕೆ ಬೇಕು?

ಸಾವನದುರ್ಗದ ಬಂಡೆಯನ್ನು ಒಮ್ಮೆಯಾದರೂ ಹತ್ತಿ ಬಂದ ಕನ್ನಡಿಗರು ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರವನ್ನು ನೋಡುವಾಗ ತುಸು ಗಲಿಬಿಲಿಗೊಳ್ಳುವುದು ಸಹಜ. ಇ.ಎಂ. ಫಾರ್‌ಸ್ಟರ್ ತಮ್ಮ 1924ರ ಕಾದಂಬರಿಯಲ್ಲಿ ಬಿಹಾರದ ಬರಾಬರ್ ಗುಹೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಲ್ಪಿಸಿದ ಮರಾಬಾರ್ ಬೆಟ್ಟಗಳು ತೆರೆಯ ಮೇಲೆ ಮಾಗಡಿ ಸೀಮೆಯ ಸಾವನದುರ್ಗವಾಗಿ, ರಾಮನಗರದ ರಾಮದೇವರ ಬೆಟ್ಟವಾಗಿ ಕಾಣಿಸಿಕೊಳ್ಳುತ್ತವೆ. ‘ಶೋಲೆ’ಯ ಗಬ್ಬರ್ ಸಿಂಗ್ ಅಬ್ಬರಿಸಿದ ಬಂಡೆಗಳ ನಡುವೆಯೇ ಒಬ್ಬ ಇಂಗ್ಲಿಷ್ ಮುದುಕಿ ಗುಹೆಯ ಕತ್ತಲೆಯಿಂದ ಏದುಸಿರು ಬಿಡುತ್ತ ಹೊರಬಂದು ಬಿಸಿಲಿನಲ್ಲಿ ಕುಸಿದು ಕೂರುತ್ತಾಳೆ. ಒಳಗೆ ಕೇಳಿದ ಪ್ರತಿಧ್ವನಿ ಆಕೆಯ ಜೀವಮಾನದ ನಂಬಿಕೆಯನ್ನು ಅಲುಗಾಡಿಸಿದೆ. ಆ ಮುದುಕಿ ಮಿಸೆಸ್ ಮೂರ್. ಆ ಪಾತ್ರವನ್ನು ವಹಿಸಿದವರು ಪೆಗ್ಗಿ ಆಶ್‌ಕ್ರಾಫ್ಟ್. 1985ರ ಮಾರ್ಚ್‌ನಲ್ಲಿ ಈ ಪಾತ್ರಕ್ಕಾಗಿ ಆಕೆಗೆ ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ಪ್ರಶಸ್ತಿ ಬಂತು. ಆಗ ಆಕೆಗೆ ಎಪ್ಪತ್ತೇಳು ವರ್ಷ. ಆ ವಿಭಾಗದಲ್ಲಿ ಪ್ರಶಸ್ತಿ ಪಡೆದವರಲ್ಲಿ ಇಂದಿಗೂ ಆಕೆಯೇ ಎಲ್ಲರಿಗಿಂತ ಹಿರಿಯರು. ಪ್ರಶಸ್ತಿ ಪ್ರದಾನದ ರಾತ್ರಿ ಆಕೆ ಅಲ್ಲಿರಲಿಲ್ಲ. ಅವರ ಪರವಾಗಿ ಆಂಜೆಲಾ ಲ್ಯಾನ್ಸ್‌ಬರಿ ಅದನ್ನು ಸ್ವೀಕರಿಸಿದರು.

ಸಿನಿಮಾ ಪತ್ರಿಕೆಗಳ ಪಾಲಿಗೆ ಇದು ಇಳಿವಯಸ್ಸಿನಲ್ಲಿ ಒಲಿದ ಅದೃಷ್ಟದ ಕಥೆ. ಈ ಬಗೆಯ ಓದು ನನಗೆ ಒಪ್ಪಿಗೆಯಿಲ್ಲ. ಮಾಗಡಿಯ ಬಿಸಿಲಿನಲ್ಲಿ ಕ್ಯಾಮೆರಾ ಹಿಡಿದದ್ದು ಕೆಲವು ವಾರಗಳ ದುಡಿಮೆಯನ್ನಲ್ಲ, ಐವತ್ತೆಂಟು ವರ್ಷಗಳ ರಂಗಕೃಷಿಯನ್ನು. ಆ ಕೃಷಿಯನ್ನು ಒಬ್ಬ ಪ್ರತಿಭಾವಂತೆ ಏಕಾಂಗಿಯಾಗಿ ಮಾಡಿದ್ದೂ ಅಲ್ಲ. ಅದರ ಹಿಂದೆ ಒಂದು ಪದ್ಧತಿಯಿತ್ತು, ಒಂದು ದೇಶದ ನಾಟಕದವರು ಹಟ ಹಿಡಿದು ಉಳಿಸಿಕೊಂಡ ಒಂದು ವ್ಯವಸ್ಥೆಯಿತ್ತು. ಅದರ ಹೆಸರು ರೆಪರ್ಟರಿ. ನಟಿಯೊಬ್ಬಳ ಬದುಕನ್ನು ನೆಪವಾಗಿಟ್ಟುಕೊಂಡು ಆ ವ್ಯವಸ್ಥೆಯ ಬಗ್ಗೆ, ಕೊನೆಯಲ್ಲಿ ನಮ್ಮ ಸಂಘಗಳ ಬಗ್ಗೆ ಒಂದೆರಡು ಮಾತು ಹೇಳುವುದು ಈ ಬರಹದ ಉದ್ದೇಶ.

ರೆಪರ್ಟರಿ ಎಂದರೆ, ಸರಳವಾಗಿ, ಒಂದೇ ಊರಿನಲ್ಲಿ ನೆಲೆನಿಂತ ಒಂದು ಕಾಯಂ ತಂಡ. ಅದೇ ನಟ ನಟಿಯರು ಒಂದಾದ ಮೇಲೊಂದರಂತೆ ಬೇರೆ ಬೇರೆ ನಾಟಕಗಳನ್ನು ಆಡುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ರಂಗಭೂಮಿ ಬಹುಮಟ್ಟಿಗೆ ಲಂಡನ್ನಿನ ವೆಸ್ಟ್ ಎಂಡ್‌ನ ವ್ಯಾಪಾರಿಗಳ ಕೈಗೆ ಹೋಗಿತ್ತು. ಒಂದು ನಾಟಕ, ಒಬ್ಬ ಹೆಸರಾಂತ ನಟ, ಹಣ ಬರುವಷ್ಟು ಕಾಲ ಅದೇ ಆಟ, ಆಮೇಲೆ ತಂಡ ಚೆದುರುವುದು. ಇದಕ್ಕೆ ಪ್ರತಿಯಾಗಿ ಆನಿ ಹಾರ್ನಿಮನ್ ಎಂಬ ಮಹಿಳೆ 1908ರಲ್ಲಿ ಮ್ಯಾಂಚೆಸ್ಟರಿನ ಗೇಯಟಿ ರಂಗಮಂದಿರದಲ್ಲಿ ರೆಪರ್ಟರಿ ತಂಡವನ್ನು ನೆಲೆಗೊಳಿಸಿದರು. ಡಬ್ಲಿನ್ನಿನ ಆಬೆ ರಂಗಮಂದಿರಕ್ಕೆ ಮೊದಲು ಹಣ ಒದಗಿಸಿದವರೂ ಇವರೇ. 1913ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬ್ಯಾರಿ ಜಾಕ್ಸನ್ ತಮ್ಮ ಸ್ವಂತ ಹಣದಿಂದ ರೆಪರ್ಟರಿಗೆಂದೇ ಒಂದು ರಂಗಮಂದಿರವನ್ನು ಕಟ್ಟಿಸಿದರು. ಮುಂದೆ ಇಂಗ್ಲೆಂಡಿನ ಊರೂರುಗಳಲ್ಲಿ ಇಂಥ ತಂಡಗಳು ಹುಟ್ಟಿಕೊಂಡವು. ಅವುಗಳಲ್ಲಿ ಅನೇಕವು ವಾರಕ್ಕೊಂದು ನಾಟಕವಾಡುತ್ತಿದ್ದವು. ಸಂಜೆ ಈ ವಾರದ ನಾಟಕ, ಹಗಲು ಮುಂದಿನ ವಾರದ ನಾಟಕದ ತಾಲೀಮು. ಕಲೆಯ ದೃಷ್ಟಿಯಿಂದ ಅದು ಒರಟು ದುಡಿಮೆ, ನಿಜ. ಆದರೆ ಇಂಗ್ಲಿಷ್ ನಟವರ್ಗದ ಹಲವು ತಲೆಮಾರುಗಳು ಕಸುಬು ಕಲಿತದ್ದು ಅಲ್ಲಿಯೇ.

ಪೆಗ್ಗಿ ಆಶ್‌ಕ್ರಾಫ್ಟ್ 1926ರಲ್ಲಿ ವೃತ್ತಿರಂಗಭೂಮಿಗೆ ಕಾಲಿಟ್ಟದ್ದು ಈ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ, ಜೆ.ಎಂ. ಬ್ಯಾರಿಯ ‘ಡಿಯರ್ ಬ್ರೂಟಸ್’ ನಾಟಕದ ಮೂಲಕ. ಎದುರು ಪಾತ್ರದಲ್ಲಿದ್ದವರು ರಾಲ್ಫ್ ರಿಚರ್ಡ್‌ಸನ್. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ 1907ರ ಡಿಸೆಂಬರ್ 22ರಂದು ಹುಟ್ಟಿದ ಈ ಹುಡುಗಿ ಮೊದಲ ಮಹಾಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡವಳು. ರಂಗಕ್ಕೆ ಬಂದ ವರ್ಷವೇ ತಾಯಿಯೂ ತೀರಿಕೊಂಡರು. ಎಲ್ಸಿ ಫೋಗರ್ಟಿ ನಡೆಸುತ್ತಿದ್ದ ಸೆಂಟ್ರಲ್ ಸ್ಕೂಲ್‌ನಲ್ಲಿ ಆಕೆ ಕಲಿತರು; ಲಾರೆನ್ಸ್ ಒಲಿವಿಯೆ ಅಲ್ಲಿ ಸಹಪಾಠಿ. ಆ ಶಾಲೆ ಒತ್ತು ಕೊಟ್ಟದ್ದು ಮಾತಿನ ಸ್ಪಷ್ಟತೆಗೆ, ಉಚ್ಚಾರದ ಅಂದಕ್ಕೆ. ಅದರಿಂದ ತೃಪ್ತಳಾಗದ ವಿದ್ಯಾರ್ಥಿನಿ ಸ್ಟಾನಿಸ್ಲಾವ್‌ಸ್ಕಿಯ ಆತ್ಮಕಥೆಯನ್ನು ಓದಿದಳು. ಮಾಸ್ಕೋದಲ್ಲಿ ವರ್ಷಗಟ್ಟಲೆ ಒಟ್ಟಿಗೆ ಬಾಳಿ, ಒಟ್ಟಿಗೆ ದುಡಿದು, ಒಟ್ಟಿಗೆ ಮಾಗಿದ ಒಂದು ತಂಡದ ಚಿತ್ರ ಆ ಪುಸ್ತಕದಿಂದ ಆಕೆಯ ಮನಸ್ಸಿನಲ್ಲಿ ನಾಟಿತು. ಅಂಥದೊಂದು ತಂಡವನ್ನು ಇಂಗ್ಲೆಂಡಿನಲ್ಲಿ ಕಾಣಬೇಕೆಂಬ ಹಂಬಲವೇ ಆಕೆಯ ವೃತ್ತಿಜೀವನದ ಒಳದಾರಿಯಾಯಿತು ಎಂದು ನಾನು ಭಾವಿಸುತ್ತೇನೆ.

1930ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಆಕೆ ಡೆಸ್ಡಿಮೋನಾ ಆದರು. ಒಥೆಲೋ ಆಗಿದ್ದವರು ಅಮೆರಿಕದ ಕಪ್ಪು ಜನಾಂಗದ ಮಹಾನ್ ಗಾಯಕ, ನಟ ಪಾಲ್ ರಾಬ್ಸನ್. ಕಪ್ಪು ನಟನೊಬ್ಬ ಬಿಳಿಯ ನಟಿಯನ್ನು ರಂಗದ ಮೇಲೆ ಮುದ್ದಿಸುವುದನ್ನು ಸಹಿಸಲಾರದವರು ಆಕೆಗೆ ದ್ವೇಷದ ಪತ್ರಗಳನ್ನು ಬರೆದರು. ಆ ರಂಗಮಂದಿರಕ್ಕೆ ಅಂಟಿಕೊಂಡೇ ಇದ್ದ ದೊಡ್ಡ ಹೋಟೆಲಿನ ಲೋಕ ರಾಬ್ಸನ್‌ರಂಥವರನ್ನು ಹೇಗೆ ಕಾಣುತ್ತಿತ್ತೆಂಬುದನ್ನೂ ಆಕೆ ಹತ್ತಿರದಿಂದ ಕಂಡರು. ವರ್ಣಭೇದವೆಂಬುದು ಎಲ್ಲೋ ದೂರದ ವಸಾಹತುಗಳ ಸಂಗತಿಯಲ್ಲ, ತನ್ನ ಊರಿನ ಸಭ್ಯರ ಮನೆಯೊಳಗಿನ ಸಂಗತಿ ಎಂಬ ಅರಿವು ಆಕೆಗಾದದ್ದು ಆಗ. ಮುಂದೆ ಆಕೆ ಬದುಕಿನುದ್ದಕ್ಕೂ ಎಡಪಂಥೀಯ ಒಲವಿನ ಹಲವು ಕಾರಣಗಳಿಗೆ ದನಿಗೂಡಿಸಿದ್ದರ ಬೇರನ್ನು ಇಲ್ಲಿ ಗುರುತಿಸಬಹುದು.

1932-33ರಲ್ಲಿ ಆಕೆ ಓಲ್ಡ್ ವಿಕ್ ಸೇರಿದರು. ಲಿಲಿಯನ್ ಬೇಲಿಸ್ ಎಂಬ ಹಟಮಾರಿ ಹೆಂಗಸು ನಡೆಸುತ್ತಿದ್ದ ಆ ರಂಗಮಂದಿರ ಶ್ರೀಮಂತರ ಲಂಡನ್ನಿನಲ್ಲಿರಲಿಲ್ಲ; ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ದುಡಿಯುವವರ ಬೀದಿಯಲ್ಲಿತ್ತು. ಟಿಕೆಟಿನ ದರ ಅಗ್ಗ. ನಟರಿಗೆ ಸಂಬಳವೂ ಅಷ್ಟಕ್ಕಷ್ಟೇ. ಒಂದೇ ಋತುವಿನಲ್ಲಿ ಆಕೆ ರೋಸಲಿಂಡ್, ಪೋರ್ಷಿಯಾ, ಇಮೋಜೆನ್, ಪರ್ಡಿಟಾ, ಮಿರಾಂಡಾ, ಜೂಲಿಯೆಟ್ ಎಂದು ಒಂದರ ಹಿಂದೊಂದು ಮುಖ್ಯ ಪಾತ್ರಗಳನ್ನು ವಹಿಸಿದರು. ಇವೆಲ್ಲವೂ ಯಶಸ್ವಿಯಾಗಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ. ಆದರೆ ಸೋಲುವ ಅವಕಾಶ ಸಿಗುವುದೂ ಒಂದು ಭಾಗ್ಯ. ಸೋತ ನಟಿಯನ್ನು ಮರುವಾರ ಮತ್ತೊಂದು ಪಾತ್ರಕ್ಕೆ ಕರೆಯುವ ತಂಡವಿದ್ದರೆ ಮಾತ್ರ ಅವಳು ಬೆಳೆಯುತ್ತಾಳೆ. ಒಂದು ಸೋಲಿಗೇ ಬಾಗಿಲು ಮುಚ್ಚುವ ವ್ಯಾಪಾರಿ ರಂಗಭೂಮಿಯಲ್ಲಿ ಅವಳು ಗೆದ್ದ ಪಾತ್ರವನ್ನೇ ಮತ್ತೆ ಮತ್ತೆ ನಟಿಸುತ್ತ ಉಳಿಯುತ್ತಾಳೆ.

1935ರಲ್ಲಿ ಜಾನ್ ಗೀಲ್‌ಗುಡ್ ನಿರ್ದೇಶಿಸಿದ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಗೀಲ್‌ಗುಡ್ ಮತ್ತು ಒಲಿವಿಯೆ ರೋಮಿಯೋ, ಮರ್ಕ್ಯೂಶಿಯೋ ಪಾತ್ರಗಳನ್ನು ಪರಸ್ಪರ ಬದಲಿಸಿಕೊಂಡು ಆಡಿದರು. ಇಬ್ಬರಿಗೂ ಜೂಲಿಯೆಟ್ ಈಕೆಯೇ. ಎರಡು ವರ್ಷಗಳ ಬಳಿಕ, 1937-38ರಲ್ಲಿ, ಗೀಲ್‌ಗುಡ್ ಕ್ವೀನ್ಸ್ ರಂಗಮಂದಿರದಲ್ಲಿ ಒಂದು ತಂಡವನ್ನು ಕಟ್ಟಿ ನಾಲ್ಕು ನಾಟಕಗಳನ್ನು ಆಡಿಸಿದರು. ಅಷ್ಟರಲ್ಲಿ ಖ್ಯಾತಳಾಗಿದ್ದ ಆಶ್‌ಕ್ರಾಫ್ಟ್ ಮೊದಲ ನಾಟಕ ‘ಎರಡನೆಯ ರಿಚರ್ಡ್’ನಲ್ಲಿ ಒಪ್ಪಿಕೊಂಡದ್ದು ರಾಣಿಯ ಚಿಕ್ಕ ಪಾತ್ರವನ್ನು. ಮುಂದಿನ ನಾಟಕಗಳಲ್ಲಿ ಆಕೆ ಲೇಡಿ ಟೀಜಲ್, ಚೆಕಾಫ್‌ನ ‘ತ್ರೀ ಸಿಸ್ಟರ್ಸ್’ನ ಐರೀನಾ, ಮತ್ತೆ ಪೋರ್ಷಿಯಾ. ‘ತ್ರೀ ಸಿಸ್ಟರ್ಸ್’ ನಿರ್ದೇಶಿಸಿದ ಫ್ರಾನ್ಸಿನ ಮಿಶೆಲ್ ಸೇಂಟ್ ಡೆನಿ ಅವರಿಗೆ ಆ ಕಾಲದ ಲಂಡನ್ನಿನಲ್ಲಿ ಅಪೂರ್ವವೆನಿಸುವಷ್ಟು ದೀರ್ಘ ತಾಲೀಮು ದೊರಕಿತ್ತು. ಆ ತಂಡದಲ್ಲಿ ಮೈಕೆಲ್ ರೆಡ್‌ಗ್ರೇವ್ ಇದ್ದರು. ಸಣ್ಣಪುಟ್ಟ ಪಾತ್ರಗಳಲ್ಲಿ ಆಲೆಕ್ ಗಿನೆಸ್ ಎಂಬ ತರುಣನೂ ಇದ್ದ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮತ್ತೆ ಬರುತ್ತದೆ.

ಯುದ್ಧಾನಂತರದ ವರ್ಷಗಳಲ್ಲಿ ಆಕೆ ವೆಸ್ಟ್ ಎಂಡ್‌ನಲ್ಲಿ ದೊಡ್ಡ ಯಶಸ್ಸು ಕಂಡರು. 1949ರ ‘ದಿ ಏರೆಸ್’, 1952ರಲ್ಲಿ ಟೆರೆನ್ಸ್ ರ‍್ಯಾಟಿಗನ್ ಅವರ ‘ದಿ ಡೀಪ್ ಬ್ಲೂ ಸೀ’, 1954ರಲ್ಲಿ ಇಬ್ಸೆನ್ನನ ‘ಹೆಡ್ಡಾ ಗ್ಯಾಬ್ಲರ್’. ಹೆಡ್ಡಾಳನ್ನು ಮೆಚ್ಚಿ ನಾರ್ವೆಯ ದೊರೆ ಪದಕ ನೀಡಿ ಗೌರವಿಸಿದರು. 1956ರಲ್ಲಿ ಬ್ರಿಟನ್ ‘ಡೇಮ್’ ಪದವಿ ಕೊಟ್ಟಿತು. ಅದೇ ವರ್ಷ ಆಕೆ ಮಾಡಿದ್ದೇನು ಎಂಬುದು ಗಮನಾರ್ಹ. ಹೊಸ ನಾಟಕಕಾರರ ಅಂಗಳವಾಗಿದ್ದ ರಾಯಲ್ ಕೋರ್ಟ್‌ಗೆ ಹೋಗಿ ಬ್ರೆಕ್ಟ್‌ನ, ಕನ್ನಡದಲ್ಲಿ ‘ಸೆಜುವಾನ್ ನಗರದ ಸಾಧ್ವಿ’ಯಾಗಿ ಬಂದ ನಾಟಕದಲ್ಲಿ, ಒಳ್ಳೆಯ ಹೆಂಗಸು ಮತ್ತು ಅವಳೇ ಧರಿಸುವ ಕಟುಕ ಗಂಡಸಿನ ವೇಷ ಎರಡನ್ನೂ ಆಡಿದರು. ಅದು ದೊಡ್ಡ ಗೆಲುವಾಗಲಿಲ್ಲ. ಆದರೆ ಪದವಿ ಬಂದ ಮೇಲೆ ಪದವಿಗೆ ತಕ್ಕ ಪಾತ್ರಗಳಲ್ಲಿ ವಿರಾಜಿಸುವ ಹಾದಿಯನ್ನು ಈ ನಟಿ ಹಿಡಿಯಲಿಲ್ಲ.

ಆಕೆಯ ಬದುಕಿನ ನಿರ್ಣಾಯಕ ತೀರ್ಮಾನ ಬಂದದ್ದು 1960ರ ಹೊತ್ತಿಗೆ. ಆಗಿನ್ನೂ ಮೂವತ್ತು ತುಂಬದ ಪೀಟರ್ ಹಾಲ್ ಸ್ಟ್ರಾಟ್‌ಫರ್ಡಿನ ಷೇಕ್ಸ್‌ಪಿಯರ್ ರಂಗಮಂದಿರದ ಹೊಣೆ ಹೊತ್ತು, ನಟರನ್ನು ಮೂರು ವರ್ಷಗಳ ಕರಾರಿನ ಮೇಲೆ ಕಾಯಂ ತಂಡವಾಗಿ ಕಟ್ಟುವ ಯೋಜನೆ ಮುಂದಿಟ್ಟರು. ಸ್ಟ್ರಾಟ್‌ಫರ್ಡಿನ ಜೊತೆಗೆ ಲಂಡನ್ನಿನಲ್ಲೂ ಒಂದು ನೆಲೆ. ಹಳೆಯ ನಾಟಕಗಳ ಜೊತೆಗೆ ಹೊಸವು. ಸರ್ಕಾರದ ಹಣ ಖಾತರಿಯಾಗುವ ಮೊದಲೇ, ಸಂಸ್ಥೆಯ ಕೂಡಿಟ್ಟ ನಿಧಿಯನ್ನು ಒತ್ತೆಯಿಟ್ಟಂತೆ ಖರ್ಚು ಮಾಡುತ್ತ ಹೊರಟ ಸಾಹಸವದು. ಮುಂದೆ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಎಂದು ಹೆಸರಾದ ಈ ತಂಡಕ್ಕೆ ಮೊದಲು ಒಪ್ಪಿಗೆ ಕೊಟ್ಟವರ ಸಾಲಿನಲ್ಲಿ ಆಶ್‌ಕ್ರಾಫ್ಟ್ ಇದ್ದರು. ಐವತ್ತು ದಾಟಿದ, ಎಲ್ಲ ಗೌರವಗಳನ್ನೂ ಪಡೆದ ನಟಿಯೊಬ್ಬರು ತಮಗಿಂತ ಎಷ್ಟೋ ಕಿರಿಯನಾದ ನಿರ್ದೇಶಕನ ಕೈಕೆಳಗೆ, ವೆಸ್ಟ್ ಎಂಡ್‌ಗಿಂತ ಕಡಿಮೆ ಸಂಬಳಕ್ಕೆ, ಹೆಸರಿಲ್ಲದ ಹುಡುಗ ಹುಡುಗಿಯರ ಜೊತೆ ದುಡಿಯಲು ಸಿದ್ಧರಾದದ್ದು ತಂಡಕ್ಕೆ ಹಣಕ್ಕಿಂತ ದೊಡ್ಡ ಬಂಡವಾಳವಾಯಿತು. 1968ರಲ್ಲಿ ಆಕೆ ಕಂಪನಿಯ ನಿರ್ದೇಶಕ ವರ್ಗಕ್ಕೂ ಸೇರಿದರು.

ಕಾಯಂ ತಂಡದಲ್ಲಿ ನಟಿಯ ವಯಸ್ಸು ಹೇಗೆ ಸಾರ್ಥಕವಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. 1930ರಲ್ಲಿ ಡೆಸ್ಡಿಮೋನಾ ಆಗಿದ್ದ ಆಕೆ 1961ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಅದೇ ‘ಒಥೆಲೋ’ದಲ್ಲಿ ಎಮಿಲಿಯಾ ಆದರು, ಅಂದರೆ ಡೆಸ್ಡಿಮೋನಾಳ ಸಖಿ. ಮೂವತ್ತೊಂದು ವರ್ಷಗಳ ಹಿಂದೆ ತಾನೇ ಆಡಿದ ಪಾತ್ರವನ್ನು ಈಗ ಡೊರೊಥಿ ಟ್ಯೂಟಿನ್ ಎಂಬ ಕಿರಿಯ ನಟಿಗೆ ಬಿಟ್ಟುಕೊಟ್ಟು, ಅವಳ ತಲೆ ಬಾಚುವ ಹೆಂಗಸಾಗಿ ಪಕ್ಕದಲ್ಲಿ ನಿಂತರು. ನಮ್ಮ ಸಿನಿಮಾಲೋಕದಲ್ಲಿ ನಾಯಕಿಗೆ ವಯಸ್ಸಾಗುವುದೆಂದರೆ ಇಳಿಜಾರು; ನೆಲೆನಿಂತ ತಂಡದಲ್ಲಿ ಅದು ಬೇರೊಂದು ಕೋಣೆಯ ಬಾಗಿಲು ತೆರೆದಂತೆ. 1963ರಲ್ಲಿ ಹಾಲ್ ಮತ್ತು ಜಾನ್ ಬಾರ್ಟನ್ ‘ಆರನೆಯ ಹೆನ್ರಿ’ಯ ಮೂರು ಭಾಗಗಳನ್ನೂ ‘ಮೂರನೆಯ ರಿಚರ್ಡ್’ಅನ್ನೂ ಹೆಣೆದು ‘ದಿ ವಾರ್ಸ್ ಆಫ್ ದಿ ರೋಸಸ್’ ಎಂದು ಆಡಿಸಿದಾಗ, ಐವತ್ತೈದು ವರ್ಷದ ಆಶ್‌ಕ್ರಾಫ್ಟ್ ಮಾರ್ಗರೆಟ್ ರಾಣಿಯಾದರು. ಫ್ರಾನ್ಸಿನಿಂದ ಸೆರೆಯಾಗಿ ಬರುವ ಎಳೆಯ ಹುಡುಗಿಯಿಂದ ಹಿಡಿದು, ಮಗನನ್ನು ಕಳೆದುಕೊಂಡು ಶಾಪ ಹಾಕುತ್ತ ಅಲೆಯುವ ಮುದುಕಿಯ ತನಕ ಒಂದು ಇಡೀ ಜನ್ಮವನ್ನು ಆಕೆ ರಂಗದ ಮೇಲೆ ಬಾಳಿದರು. ಗಂಡನಾದ ಹೆನ್ರಿಯ ಪಾತ್ರದಲ್ಲಿದ್ದ ಡೇವಿಡ್ ವಾರ್ನರ್‌ಗೆ ಆಗ ಇಪ್ಪತ್ತೆರಡು. ಸಿನಿಮಾದಲ್ಲಿ ಇದನ್ನು ಊಹಿಸಲಾದೀತೆ?

1975ರಲ್ಲಿ ಬೆಕೆಟ್‌ನ ‘ಹ್ಯಾಪಿ ಡೇಸ್’ನ ವಿನ್ನಿ. ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೆಯ ಅಂಕದಲ್ಲಿ ಕತ್ತಿನವರೆಗೆ ಮಣ್ಣಿನಲ್ಲಿ ಹೂತುಹೋದ ಹೆಂಗಸು. ನಟಿಯ ಕೈಕಾಲುಗಳನ್ನೆಲ್ಲ ಕಿತ್ತುಕೊಂಡು ದನಿಯನ್ನೂ ಕಣ್ಣುಗಳನ್ನೂ ಮಾತ್ರ ಉಳಿಸುವ ಪಾತ್ರ. 1981ರಲ್ಲಿ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನ ವೃದ್ಧ ಕೌಂಟೆಸ್; ರಂಗದ ಮೇಲೆ ಅದೇ ಕೊನೆಯ ಪಾತ್ರ. ಲೀನ್ ಅವರ ಕ್ಯಾಮೆರಾದ ಮುಂದೆ ಕುಳಿತದ್ದು ಇಷ್ಟೆಲ್ಲವನ್ನೂ ದಾಟಿ ಬಂದ ಮುಖ.

ಸಿನಿಮಾದ ಮಟ್ಟಿಗೆ ಆಕೆಯ ಸಂಗ್ರಹ ತೆಳುವಾದದ್ದೇ. 1935ರಲ್ಲಿ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ನಲ್ಲಿ ಸಂಶಯಪಿಶಾಚಿಯಾದ ಗಂಡನ ಮನೆಯಲ್ಲಿ ಬಸವಳಿದ, ಓಡಿಹೋಗುತ್ತಿರುವ ನಾಯಕನಿಗೆ ಗಂಡನ ಕೋಟನ್ನು ಕೊಟ್ಟು ಕಳಿಸುವ ಹಳ್ಳಿಯ ಹೆಣ್ಣು. ಕೆಲವೇ ನಿಮಿಷಗಳ ಪಾತ್ರ. ಚಿತ್ರವನ್ನು ನೋಡಿದವರು ಅವಳನ್ನು ಮರೆಯುವುದಿಲ್ಲ. 1959ರ ‘ದಿ ನನ್ಸ್ ಸ್ಟೋರಿ’ಯಲ್ಲಿ ಒಬ್ಬ ಮಠಮಾತೆ. ಭಾರತಕ್ಕೆ ಆಕೆ ಚಿತ್ರದ ಕೆಲಸಕ್ಕಾಗಿ ಬಂದದ್ದು ಲೀನ್ ಅವರಿಗಿಂತ ಮುಂಚೆಯೇ, ಮರ್ಚೆಂಟ್ ಐವರಿ ಅವರ 1978ರ ಒಂದು ಚಿತ್ರಕ್ಕೆ. ಅದರ ಚಿತ್ರೀಕರಣ ಜೋಧಪುರದಲ್ಲಿ. ಆಮೇಲೆ ಪಾಲ್ ಸ್ಕಾಟ್ ಅವರ ಕಾದಂಬರಿಗಳನ್ನು ಆಧರಿಸಿದ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ (1984) ಟೆಲಿವಿಷನ್ ಧಾರಾವಾಹಿಯಲ್ಲಿ ಬಾರ್ಬಿ ಬ್ಯಾಚಲರ್. ನಿವೃತ್ತಳಾದ, ಯಾರಿಗೂ ಬೇಡವಾದ, ದೇವರೂ ತನ್ನ ಮಾತು ಕೇಳುತ್ತಿಲ್ಲವೆಂದು ಕೊರಗಿ ಕೊನೆಗೆ ಮಾತನ್ನೇ ಕಳೆದುಕೊಳ್ಳುವ ಮಿಷನರಿ ಶಾಲೆಯ ಉಪಾಧ್ಯಾಯಿನಿ. ಮಿಸೆಸ್ ಮೂರ್ ಬಂದದ್ದು ಇವಳ ಬೆನ್ನಿಗೆ.

ಇಲ್ಲಿ ನಮ್ಮ ಪ್ರಜ್ಞಾವಂತ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. ಎಂಬತ್ತರ ದಶಕದ ಈ ಚಿತ್ರ, ಧಾರಾವಾಹಿಗಳು ಕಳೆದುಹೋದ ಸಾಮ್ರಾಜ್ಯಕ್ಕಾಗಿ ಬ್ರಿಟನ್ ಸುರಿಸಿದ ಕಣ್ಣೀರಲ್ಲವೆ? ಸಲ್ಮಾನ್ ರಶ್ದಿ 1984ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಹಳಹಳಿಕೆಯ ರಾಜಕಾರಣವನ್ನು ಕಟುವಾಗಿ ಟೀಕಿಸಿದರು. ಆ ಟೀಕೆ ನ್ಯಾಯವಾದದ್ದು. ಹಿಂದೆ ಹೇಳಿದ ಆಲೆಕ್ ಗಿನೆಸ್ ಲೀನ್ ಅವರ ಚಿತ್ರದಲ್ಲಿ ಮೈಗೆ ಕಂದು ಬಣ್ಣ ಬಳಿದುಕೊಂಡು ಪ್ರೊಫೆಸರ್ ಗೋಡಬೋಲೆಯಾದದ್ದನ್ನು ಇಂದು ನೋಡುವಾಗ ಮುಜುಗರವಾಗುತ್ತದೆ. ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಅಭಿನಯಿಸಿದ ಚಿತ್ರದಲ್ಲಿ ಒಬ್ಬ ಚಿತ್ಪಾವನ ಬ್ರಾಹ್ಮಣನ ಪಾತ್ರಕ್ಕೆ ಭಾರತೀಯ ನಟ ಸಿಗಲಿಲ್ಲವೆಂದರೆ ನಂಬುವುದು ಹೇಗೆ? ಬ್ರಿಟಿಷ್ ರಂಗಭೂಮಿಯ ಮಹಾಪರಂಪರೆಗೂ ಈ ಕುರುಡು ಇತ್ತು. 1930ರಲ್ಲಿ ರಾಬ್ಸನ್‌ರನ್ನು ಕಂಡ ದೇಶದಲ್ಲಿಯೇ 1961ರಲ್ಲಿ ಗೀಲ್‌ಗುಡ್ ಮುಖಕ್ಕೆ ಬಣ್ಣ ಬಳಿದುಕೊಂಡು ಒಥೆಲೋ ಆದದ್ದು. ತಂಡದ ಒಗ್ಗಟ್ಟು ಎಂಬುದು ಒಳಗಿನವರ ಕೂಟವಾಗಿ, ಹೊರಗಿನವರಿಗೆ ಮುಚ್ಚಿದ ಬಾಗಿಲಾಗಿಬಿಡುವ ಅಪಾಯವನ್ನು ನಾವು ಮರೆಯಬಾರದು.

ಆದರೂ ಆಶ್‌ಕ್ರಾಫ್ಟ್ ಅವರ ಅಭಿನಯವನ್ನು ಆ ಹಳಹಳಿಕೆಯ ಲೆಕ್ಕಕ್ಕೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಾರ್ಬಿಯೂ ಮಿಸೆಸ್ ಮೂರಳೂ ಸಾಮ್ರಾಜ್ಯದ ಒಳಗಿದ್ದೇ ಅದರ ಪೊಳ್ಳನ್ನು ಕೇಳಿಸಿಕೊಂಡವರು. ಮಸೀದಿಯ ಬೆಳದಿಂಗಳಿನಲ್ಲಿ ಅಜೀಜ್ ಮಾತನಾಡುವಾಗ ಆ ಮುದುಕಿಯ ಮುಖವನ್ನು ನೋಡಿ. ಆಕೆ ಏನನ್ನೂ ‘ಮಾಡುವುದಿಲ್ಲ’; ಎದುರಿನವನ ಮಾತನ್ನು ಕೇಳುತ್ತಾಳೆ, ಅಷ್ಟೆ. ಹೀಗೆ ಕೇಳುವುದನ್ನು ಶಾಲೆ ಕಲಿಸಲಾರದು. ನೂರಾರು ರಾತ್ರಿ ಸಹನಟರ ಮಾತಿಗೆ ಕಿವಿಗೊಟ್ಟು, ತನಗೆ ಮಾತಿಲ್ಲದ ದೃಶ್ಯದಲ್ಲೂ ಜೀವಂತವಾಗಿ ನಿಂತು ಅಭ್ಯಾಸವಾದ ನಟಿಗೆ ಮಾತ್ರ ಅದು ದಕ್ಕುತ್ತದೆ. ಗುಹೆಯ ಹೊರಗೆ ಕುಳಿತಾಗಲೂ ಅಷ್ಟೆ. ಆ ಪ್ರತಿಧ್ವನಿಯನ್ನು ನಾವು ಕೇಳುವುದು ಧ್ವನಿಪಟ್ಟಿಯಲ್ಲಲ್ಲ, ಆ ಮುಖದಲ್ಲಿ. ತಾರೆ ತನ್ನನ್ನು ನೋಡಿ ಎನ್ನುತ್ತಾಳೆ. ತಂಡದ ನಟಿ ತಾನು ಏನನ್ನು ನೋಡುತ್ತಿದ್ದೇನೆಂಬುದನ್ನು ನಮಗೆ ತೋರಿಸುತ್ತಾಳೆ.

ಈ ಮಾತು ಕನ್ನಡಿಗರಿಗೆ ಹೊಸದಲ್ಲ. ಗುಬ್ಬಿ ವೀರಣ್ಣನವರ ಕಂಪನಿ ರೆಪರ್ಟರಿ ಎಂಬ ಶಬ್ದವನ್ನು ಬಳಸದಿದ್ದರೂ ಊರಿಂದೂರಿಗೆ ಸಾಗುವ ಕಾಯಂ ತಂಡವೇ ಆಗಿತ್ತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಮೊದಲ ಬಾರಿಗೆ ನಾಯಕನಾಗಿ ನಿಂತಾಗ ಕಂಡ ಆ ಸ್ಥೈರ್ಯ, ಬಾಲ್ಯದಿಂದಲೇ ನಾಟಕದ ಕಂಪನಿಗಳಲ್ಲಿ ಪಳಗಿದ್ದರ ಫಲ. ಬಿ.ವಿ. ಕಾರಂತರೂ ಹುಡುಗನಾಗಿ ಸೇರಿದ್ದು ಅದೇ ಗುಬ್ಬಿ ಕಂಪನಿಯನ್ನು. ಅವರೇ ಮುಂದೆ, 1989ರಲ್ಲಿ, ಮೈಸೂರಿನಲ್ಲಿ ರಂಗಾಯಣವೆಂಬ ಕಾಯಂ ತಂಡಕ್ಕೆ ಬುನಾದಿ ಹಾಕಿದರು. ಹೆಗ್ಗೋಡಿನ ನೀನಾಸಮ್ 1985ರಲ್ಲಿ ಆರಂಭಿಸಿದ ತಿರುಗಾಟ, ಒಂದೇ ತಂಡ ಕೆಲವು ನಾಟಕಗಳನ್ನು ಹೊತ್ತು ಕರ್ನಾಟಕದ ಊರೂರು ಸುತ್ತುವ ಕ್ರಮವನ್ನು ರೂಢಿಗೆ ತಂದಿತು. ಆಶ್‌ಕ್ರಾಫ್ಟ್ ಅವರಿಗೆ ಆಸ್ಕರ್ ಬಂದದ್ದೂ ಮಲೆನಾಡಿನಲ್ಲಿ ತಿರುಗಾಟ ಹೊರಟದ್ದೂ ಒಂದೇ ವರ್ಷವೆಂಬುದು ಕಾಕತಾಳೀಯವಾದರೂ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಇನ್ನು ನಮ್ಮ ವಿಷಯ. ಹೊರನಾಡ ಕನ್ನಡಿಗರಾದ ನಾವು ನಾಟಕದ ಬಡವರಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಈ ಮುಂಬಯಿಯಲ್ಲಿ ಕನ್ನಡ ನಾಟಕ ಕಟ್ಟಿದ್ದನ್ನು ಹಿರಿಯರು ಬಲ್ಲರು. ಆದರೆ ನಮ್ಮ ಇಂದಿನ ಪದ್ಧತಿ ಏನು? ವಾರ್ಷಿಕೋತ್ಸವಕ್ಕೆ ಎರಡು ತಿಂಗಳು ಮೊದಲು ನಾಟಕದ ಆಯ್ಕೆ. ಕಚೇರಿ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತು ಬಂದು, ರಾತ್ರಿ ಹತ್ತರವರೆಗೆ ತಾಲೀಮು. ಒಂದೇ ಒಂದು ಪ್ರದರ್ಶನ. ಮರುದಿನ ರಂಗಸಜ್ಜಿಕೆ ಬಾಡಿಗೆಯವನ ಗೋದಾಮಿಗೆ, ನಾಟಕ ಆಲ್ಬಮ್ಮಿಗೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದ ವೇದಿಕೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಐವತ್ತರ ಆಸುಪಾಸಿನ ಅಕ್ಕನೊಬ್ಬರು ತಾಯಿಯ ಪಾತ್ರವನ್ನು ಅಭಿನಯಿಸಿದ್ದನ್ನು ಕಂಡೆ. ಮೊದಲರ್ಧದಲ್ಲಿ ಅವರಿಗೆ ಭಯವಿತ್ತು. ಕೊನೆಯ ಹದಿನೈದು ನಿಮಿಷಗಳಲ್ಲಿ ಪಾತ್ರ ಅವರೊಳಗೆ ಇಳಿಯತೊಡಗಿತ್ತು. ಎರಡನೆಯ ಪ್ರದರ್ಶನವಿದ್ದಿದ್ದರೆ, ಮೂರನೆಯದು ಇದ್ದಿದ್ದರೆ, ಏನಾಗುತ್ತಿತ್ತೋ! ಎರಡನೆಯದು ಇರಲಿಲ್ಲ. ಮರುವರ್ಷ ಆ ಸಂಘ ನಾಟಕವನ್ನೇ ಕೈಬಿಟ್ಟು ಬೆಂಗಳೂರಿನಿಂದ ಒಬ್ಬ ಸಿನಿಮಾ ತಾರೆಯನ್ನು ಕರೆಸಿತು. ತಾರೆ ಬಂದರು, ಕೈಬೀಸಿದರು, ಎರಡು ಸಂಭಾಷಣೆ ಒಪ್ಪಿಸಿ ವಿಮಾನ ಹತ್ತಿದರು. ಸಭಾಂಗಣ ತುಂಬಿತ್ತು ಎಂದು ವರದಿಯಲ್ಲಿ ಬರೆದುಕೊಂಡರು. ಆ ಅಕ್ಕ ಪ್ರೇಕ್ಷಕರ ನಡುವೆ ಕುಳಿತಿದ್ದರು.

ಬ್ರಿಟಿಷರಿಗೆ ಸರ್ಕಾರದ ಹಣವಿತ್ತು, ನಮಗೇನಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಹಾರ್ನಿಮನ್, ಜಾಕ್ಸನ್, ಬೇಲಿಸ್ ಯಾರೂ ಸರ್ಕಾರಕ್ಕಾಗಿ ಕಾಯಲಿಲ್ಲ. ಕಾಯಂ ತಂಡ ಕಾಲಕ್ರಮದಲ್ಲಿ ಜಡವಾಗಿ, ನಟರು ಸಂಬಳದ ನೌಕರರಾಗುವುದಿಲ್ಲವೆ ಎಂದೂ ಕೇಳಬಹುದು. ಆಗುವುದುಂಟು. ಆದರೆ ಹವ್ಯಾಸಿಗಳಾದ ನಮಗೆ ಆ ಅಪಾಯ ದೂರದ್ದು. ನಮ್ಮ ರೋಗ ಅದಕ್ಕೆ ವಿರುದ್ಧವಾದದ್ದು. ಯಾವುದೂ ಮಾಗುವಷ್ಟು ಕಾಲ ಉಳಿಯದಿರುವುದೇ ನಮ್ಮ ರೋಗ.

ಆದ್ದರಿಂದ ನನ್ನ ಸೂಚನೆ ಸಣ್ಣದು. ಒಬ್ಬ ತಾರೆಯ ವಿಮಾನದ ಟಿಕೆಟು, ಹೋಟೆಲಿನ ಬಾಡಿಗೆ, ಗೌರವಧನಗಳಿಗೆ ತಗಲುವ ಹಣವನ್ನು ಮೂರು ವರ್ಷ ಕಾಲ ಒಂದು ತಂಡಕ್ಕೆ ಕೊಡೋಣ. ಹತ್ತು ಹನ್ನೆರಡು ಜನ, ಎರಡು ನಾಟಕ. ಒಂದರಲ್ಲಿ ಮುಖ್ಯ ಪಾತ್ರ ವಹಿಸಿದವರು ಇನ್ನೊಂದರಲ್ಲಿ ದೀಪ ಹಿಡಿಯುವ ಸೇವಕರಾಗಲಿ. ಮುಂಬಯಿಯಲ್ಲಿ ಆಡಿದ್ದನ್ನು ಪುಣೆ, ಸೊಲ್ಲಾಪುರ, ಹೈದರಾಬಾದ್, ಚೆನ್ನೈಗಳ ಸೋದರ ಸಂಘಗಳ ಸಭಾಂಗಣಗಳಲ್ಲಿ ಆಡಲಿ. ಅಲ್ಲಿನವರು ಊಟ, ವಸತಿ ನೋಡಿಕೊಳ್ಳಲಿ. ಇಲ್ಲಿ ಹುಟ್ಟಿ ಬೆಳೆದು ಕನ್ನಡವನ್ನು ತಡವರಿಸಿ ಆಡುವ ಮಕ್ಕಳಿಗೂ ಅದರಲ್ಲಿ ಜಾಗವಿರಲಿ. ಭಾಷೆ ಬಾಯಿಪಾಠದಿಂದ ಬರುವುದಕ್ಕಿಂತ, ಎದುರಿನವರ ಮಾತಿಗೆ ಪ್ರತಿ ಮಾತು ಕೊಡುವಾಗ ಬೇಗ ಬರುತ್ತದೆ. ಹಿರಿಯ ಹೆಂಗಸರಿಗೆ ಕೇವಲ ಆರತಿ ತಟ್ಟೆ ಕೊಡದೆ ಪಾತ್ರ ಕೊಡಲಿ.

ಪೆಗ್ಗಿ ಆಶ್‌ಕ್ರಾಫ್ಟ್ 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು. ಹುಟ್ಟೂರು ಕ್ರಾಯ್ಡನ್ 1962ರಲ್ಲಿಯೇ ಒಂದು ರಂಗಮಂದಿರಕ್ಕೆ ಆಕೆಯ ಹೆಸರಿಟ್ಟಿತ್ತು. ಆಸ್ಕರ್ ಬರುವ ಇಪ್ಪತ್ತಮೂರು ವರ್ಷ ಮೊದಲೇ ತನ್ನ ನಟಿ ಯಾರೆಂಬುದು ಆ ಊರಿಗೆ ಗೊತ್ತಿತ್ತು. ನಮ್ಮ ನಡುವಿನ ನಟಿ ಯಾರೆಂಬುದನ್ನು ನಮಗೆ ಹೇಳಲು ನಾವು ಯಾರ ಪ್ರಶಸ್ತಿಗಾಗಿ ಕಾಯುತ್ತಿದ್ದೇವೆ? ಮುಂದಿನ ಕಾರ್ಯಕಾರಿ ಸಮಿತಿಯ ಸಭೆ ಈ ಪ್ರಶ್ನೆಯನ್ನು ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಲಿ. ಆ ಅಕ್ಕನಿಗೆ ಇನ್ನೂ ವಯಸ್ಸಾಗಿಲ್ಲ.